ಗ್ವಾಡಿ ಇರೂತನಕ

ಸೊಲ್ಲಾಪುರ ರಸ್ತಾದಾಗ, ತೂಕದ ಕಾಟಾ ದಾಟಿದ ಕೂಡಲೆ
ಒಂದು ಗ್ವಾಡಿ ಮ್ಯಾಲ ನಾನು ಇನ್ನೂ ಸೈಕಲ್ ಹೊಡೀತೀನಿ.
ಇಪ್ಪತ್ತೆರಡು ವರ್ಷದಾಕಿ. ಬಗ್ಗಿದ ಬೆನ್ನು, ಕಚ್ಚಿದ ತುಟಿ,
ಹಿಂದಿನ ಗಾಲಿಯಿಂದ ಹಳದಿ ಕುಸುಬಿ ಹೂವು ಸಿಡೀತಾವು.
ಕೆಳಗ ದಪ್ಪಕ್ಷರ:
ಗಾಣಿಗೇರ ಕುಸುಬಿ ಎಣ್ಣಿ, ಬೌರವ್ವನ ಕಾಲಿನ ಕಸುವು.

ನನಗೀಗ ನಲವತ್ತೊಂದು.
ಮೆಟ್ಟಲ ಇಳಿಯುವಾಗ ಗ್ವಾಡಿ ಹಿಡಕೊಂಡು ಇಳೀತೀನಿ.

ಮೊದಲ ಬಂದಿದ್ದು ಮುಂಬೈ ಕಂಪನಿ.
ಹಾಲಿಗೆ ಹಾಕೂ ಪುಡಿ. ನಲವತ್ತು ಪುಟದ ಕರಾರು,
ಪುಟಪುಟಕ್ಕೂ ಸಹಿ; ಬರದು ಬರದು ಕೊನೀಗೆ
ಅದು ನನ್ನ ಹೆಸರಂತನ ಅನಿಸಲಿಲ್ಲ.
ಅಪ್ಪ ಹೊಸ ಧೋತರ ಉಟ್ಟಿದ್ದ. ಹೋಟೆಲಿನ ಗಾಜಿನ ಲೋಟಕ್ಕ
ತನ್ನ ಬೆರಳು ಮೂಡ್ಯಾವಂತ ತಾನ ಒರಸಿದ.
"ಬಾಳ ದಿನದ ಸಂಬಂಧ," ಅಂದ ಟೈ ಕಟ್ಟಿದ ಹುಡುಗ.
ಬಾಳ ದಿನ ಅಂದ್ರ ಎಷ್ಟಂತ ಕೇಳಬೇಕಿತ್ತು.
ಹದಿನೇಳನೇ ಕಲಮಿನಾಗ ಬರದಿತ್ತು: ತೊಂಬತ್ತು.

ಪಟಿಯಾಲಾದ ಟ್ರ್ಯಾಕು, ಮೂರನೇ ತಿರುವು.
ಮುಂದಿನಾಕಿ ಬಿದ್ದಳು, ಆಕಿ ಮ್ಯಾಲ ನಾನು, ನನ್ನ ಮ್ಯಾಲ ಸೈಕಲ್ಲು.
ಮಣಕಾಲದಾಗ ಒಣ ಕಟಗಿ ಮುರದಂಗ ಸದ್ದು.
ತೊಂಬತ್ತೊಂದನೇ ದಿನ ಪತ್ರ ಬಂತು, ಛಲೋ ಕಾಗದದಾಗ.
ಬೇಗ ಆರಾಮಾಗ್ರಿ ಅಂತನೂ ಇತ್ತು.

ಮಲಕಾಜಪ್ಪ ಗಾಣಿಗೇರ ಆಸ್ಪತ್ರೆಗೆ ಬಂದಾಗ
ಬಾಳಿಹಣ್ಣು ತಂದಿದ್ದ, ಕರಾರು ತಂದಿರಲಿಲ್ಲ.
"ಪದಕ ಗೆದ್ದಾಗ ನಿನ್ನ ಕೇಳಾಕ ನನ್ನ ಗಾಣ ಸಣ್ಣದಿತ್ತವಾ.
ಈಗ ಕೇಳತೀನಿ. ತಪ್ಪ ತಿಳೀಬ್ಯಾಡ."
ರೊಕ್ಕದ ಮಾತಿಗೆ ಕೆಮ್ಮಿದ.
ರೋಜಕೀರ್ದಿ ಹಾಳಿ ಹರದು, ಮಂಚದ ಪಟ್ಟಿ ಮ್ಯಾಲಿಟ್ಟು ಬರದ:
ತಿಂಗಳಿಗೊಂದು ಐದು ಕಿಲೋ ಡಬ್ಬಿ, ಗ್ವಾಡಿ ಇರೂತನಕ.
ನಾನು ನಕ್ಕೆ. ಹೊಲಿಗಿ ಜಗ್ಗಿತು.

ಹತ್ತೊಂಬತ್ತು ವರ್ಷ.
ಲಾಕ್‌ಡೌನಿನ ಮೂರು ಡಬ್ಬಿ ಸೈತ ಆಮ್ಯಾಲ ಒಮ್ಮೆಲೆ ಕೊಟ್ಟ.
ಆ ಎಣ್ಣ್ಯಾಗ ತಮ್ಮನ ಲಗ್ನದ ಬೂಂದಿ ಕರದೇವಿ,
ಅವ್ವನ ಮೀನಖಂಡಕ್ಕ ತಿಕ್ಕೀನಿ,
ನಾಕು ಡಬ್ಬಿ ಮಾರಿ ಗ್ಯಾಸ್ ತುಂಬಿಸೀನಿ. ಅದೊಂದು ಆತಗ ಹೇಳಿಲ್ಲ.

ದಸ್ತಗೀರ ಪೇಂಟರ್ ವರ್ಷಾ ದೀಪಾವಳಿ ಮುಂದ ಬಣ್ಣ ಬಳೀತಾನ.
ಬಳದು ಬಳದು ನನ್ನ ಮೂಗು ಸಣ್ಣಾತು, ಗಲ್ಲ ತುಂಬ್ಯಾವು,
ಈಗ ಥೇಟ್ ಆತನ ಮಗಳು ಕಂಡಂಗ ಕಾಣತೀನಿ.
ಮಣಕಾಲಿಗೆ ಮಾತ್ರ ಹೊಲಿಗಿ ಎಂದೂ ಬರೀಲಿಲ್ಲ.

ಹಾಸ್ಟೆಲಿನಾಗ ಹುಡುಗೇರಿಗೆ ಸೈಕಲ್ ಕಲಸ್ತೀನಿ.
ಹನ್ನೊಂದು ತಿಂಗಳ ಹೊರಗುತ್ತಿಗಿ;
ಹನ್ನೆರಡನೇ ತಿಂಗಳ ನಾ ಯಾರೂ ಅಲ್ಲ.
ಮೊನ್ನಿ ಲಾಲಬಿ, ಹದಿನೈದರಾಕಿ, ಬೂಟಿನ ಕಂಪನಿ ಕಾಗದ ತಂದಳು:
"ಅಕ್ಕಾ, ನಮ್ಮಪ್ಪ ಎಲ್ಲಿ ಸಹಿ ಮಾಡಬೇಕ?"
ನಾ ಹದಿನೇಳನೇ ಕಲಮು ಹುಡಕಿದೆ. ಇರಲಿಲ್ಲ.
ಒಂಬತ್ತನೇದರಾಗ ಸಿಕ್ಕಿತು.
ಬೆರಳಿಟ್ಟು ಆಕಿ ಕಡಿಂದನ ಓದಿಸಿದೆ, ಎರಡು ಸಲ.
ಓದಿದಳು. ಆಮ್ಯಾಲ ಬೂಟಿನ ಚಿತ್ರ ನೋಡಿದಳು.

ಹ್ವಾದ ತಿಂಗಳ ರಸ್ತಾ ಅಗಲ ಮಾಡಾಕ ಜೆಸಿಬಿ ಬಂತು.
ಕೆಂಪು ಗೆರಿ ಸರಿಯಾಗಿ ನನ್ನ ಟೊಂಕದ ಮ್ಯಾಲ ಬಿದ್ದಿತ್ತು.
ಮಾರಿ ಹೋತು, ಹ್ಯಾಂಡಲ್ ಹೋತು, ಗಾಣಿಗೇರ ಅನ್ನೂದು ಹೋತು.
ಉಳದದ್ದು ಹಿಂದಿನ ಗಾಲಿ, ಒಂದು ಕಾಲು, ಒಂದಿಷ್ಟು ಹೂವು,
"ಕಸುವು" ಅನ್ನೂದರಾಗಿನ "ಸುವು".

ಒಂದನೇ ತಾರೀಖು ಖಾಲಿ ಡಬ್ಬಿ ಹಿಡಕೊಂಡು
ಗಾಣದ ಮುಂದ ನಿಂತೆ.
ಮಲಕಾಜಪ್ಪ ಈಗ ಒಳಗ, ಹಾಸಿಗ್ಯಾಗ. ಗಲ್ಲೇದಾಗ ಮಗ ಈರಸಂಗ.
ಅಂವ ಡಬ್ಬಿ ನೋಡಿದ. ರಸ್ತಾದ ಆಚೆ ನೋಡಿದ.
"ಅರ್ಧಾ ಗ್ವಾಡಿರಿ," ಅಂದ, ನಗಬೇಕೋ ಬ್ಯಾಡೋ ಅನ್ನೂ ಮಾರಿ.
"ಕಾಲು ಅದಲ್ಲೋ," ಅಂದೆ. "ಬರದದ್ದೂ ಕಾಲಿನ ಕಸುವನ."

ಅಂವ ನಳ ತಿರುವಿದ.
ಎಣ್ಣಿ ಹಳದಿ ಹಗ್ಗದಂಗ ಇಳೀತು, ಡಬ್ಬಿ ಅರ್ಧಕ್ಕ ಬಂತು.
ಅವನ ಕೈ ನಳದ ಮ್ಯಾಲ,
ನನ್ನ ಕೈ ಡಬ್ಬಿ ಹಿಡಿಕಿ ಮ್ಯಾಲ.
ಒಳಗಿಂದ ಮುದುಕ ಕೆಮ್ಮಿದ.